ದಾಳ ಹಾಕಿ ಬೇಸ್‌ಬಾಲ್ ಆಡೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದ ಸುತ್ತ ಇವೆ, ಮನೇಲಿ ಕೂತು ಬೇಸ್‌ಬಾಲ್ ಬೋರ್ಡ್ ಗೇಮ್ ಮಾಡೋದು ಹೇಗೆ ಅಂತ. ನನಗೆ ತುಂಬಾ ಇಷ್ಟದ ವಿಷಯ, ಅದಕ್ಕೇ ಇಡೀ ಅಂಕಣ ಇದಕ್ಕೇ ಕೊಟ್ಟಿದೀನಿ, ಬೇರೆ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಸರ್, ನಾವು ಹಾಸನದವರು, ಈಗ ನ್ಯೂಜೆರ್ಸಿಲಿ ಇದೀವಿ. ಮಗನಿಗೆ 11 ವರ್ಷ, ಲಿಟಲ್ ಲೀಗ್‌ನಲ್ಲಿ ಆಡ್ತಾನೆ. ಚಳಿಗಾಲದಲ್ಲಿ ಹೊರಗೆ ಹೋಗೋಕಾಗಲ್ಲ ಅಂತ ಇಬ್ರೂ ಕೂತು ಒಂದು ಬೇಸ್‌ಬಾಲ್ ಬೋರ್ಡ್ ಗೇಮ್ ಮಾಡಿದ್ವಿ. ಒಂದೇ ದಾಳ, 1 ಬಿದ್ರೆ ಸಿಂಗಲ್ (ಒಂದು ಬೇಸ್ ಸಿಗೋ ಹೊಡೆತ), 2 ಡಬಲ್ (ಎರಡು ಬೇಸ್), 3 ಟ್ರಿಪಲ್ (ಮೂರು), 4 ಹೋಮ್ ರನ್ (ಎಲ್ಲ ಬೇಸ್ ಸುತ್ತಿ ರನ್), 5 ಮತ್ತೆ 6 ಔಟ್. ಮೊದಲ ದಿನ ಮಜಾ ಬಂತು, ಆಮೇಲೆ ನೋಡಿದ್ರೆ ಪ್ರತಿ ಪಂದ್ಯ 43-39, 41-46 ಹಿಂಗೇ ಹೋಗ್ತಿದೆ. ಇದು ಬೇಸ್‌ಬಾಲ್ ಅಲ್ಲಪ್ಪಾ ಅಂತ ಮಗನೇ ಅಂದ. ಎಲ್ಲಿ ತಪ್ಪಿದೀವಿ?

ಉತ್ತರ: ನಿಮ್ಮ ಮಗ ಸರಿಯಾಗೇ ಹಿಡಿದಿದಾನೆ. ಬೇಸ್‌ಬಾಲ್‌ನಲ್ಲಿ ಔಟ್ ಆಗೋದೇ ಜಾಸ್ತಿ. ಮೇಜರ್ ಲೀಗ್‌ನ (ಅಮೆರಿಕಾದ ದೊಡ್ಡ ವೃತ್ತಿಪರ ಲೀಗ್) ದೊಡ್ಡ ದೊಡ್ಡ ಬ್ಯಾಟರ್‌ಗಳು ಕೂಡ ಮೂರು ಸಲ ಬಂದ್ರೆ ಎರಡು ಸಲ ಔಟಾಗಿ ವಾಪಸ್ ಹೋಗಿ ಕೂತ್ಕೋತಾರೆ. ನಿಮ್ಮ ದಾಳದಲ್ಲಿ ಇದು ಉಲ್ಟಾ ಆಗಿದೆ, ಆರು ಮುಖದಲ್ಲಿ ನಾಲ್ಕು ಬ್ಯಾಟರ್‌ಗೆ, ಎರಡೇ ಎರಡು ಪಿಚರ್‌ಗೆ, ಅಂದ್ರೆ ಬಾಲ್ ಎಸೆಯೋನಿಗೆ. ಮೂರು ಔಟ್ ಬೀಳೋಷ್ಟರಲ್ಲಿ ಸರಾಸರಿ ಒಂಬತ್ತು ಜನ ಬಂದಿರ್ತಾರೆ, ಆರು ಜನ ಬೇಸ್ ಹತ್ತಿರ್ತಾರೆ, ಅಂಥ ಒಂಬತ್ತು ಇನ್ನಿಂಗ್ಸ್ ಆಡಿದ್ರೆ ರನ್ 40 ದಾಟದೇ ಇನ್ನೇನಾಗುತ್ತೆ ಹೇಳಿ.

ನಾವೆಲ್ಲ ಸ್ಕೂಲಲ್ಲಿ ಆಡ್ತಿದ್ದ ಬುಕ್ ಕ್ರಿಕೆಟ್‌ದೂ ಇದೇ ಕಥೆ. ಪುಸ್ತಕ ಫಟ್ ಅಂತ ತೆಗೆದು ಎಡಗಡೆ ಪುಟದ ಕೊನೆ ಅಂಕಿ ನೋಡ್ತಿದ್ವಿ, ಎಡಗಡೆ ಪುಟ ಯಾವಾಗ್ಲೂ ಸಮಸಂಖ್ಯೆ, ಹಂಗಾಗಿ 0, 2, 4, 6, 8 ಬಿಟ್ಟು ಬೇರೆ ಏನೂ ಬರೋ ಹಾಗೇ ಇಲ್ಲ, 0 ಬಂದ್ರೆ ಔಟ್. ಅಂದ್ರೆ ಐದು ಬಾಲ್‌ಗೆ ಒಂದು ವಿಕೆಟ್. ಬ್ಯಾಟ್ ಹಿಡಿದಿರೋದು ವಿಶ್ವನಾಥ್ ಆದ್ರೂ ಅಷ್ಟೇ, ಚಂದ್ರಶೇಖರ್ ಆದ್ರೂ ಅಷ್ಟೇ. ಚಂದ್ರಶೇಖರ್ ಅವರು ಟೆಸ್ಟ್‌ನಲ್ಲಿ ತೆಗೆದ ವಿಕೆಟ್ 242, ಹೊಡೆದ ರನ್ 167, ಅಂಥ ಬೌಲರ್‌ಗೂ ವಿಶಿಗೂ ಪುಸ್ತಕಕ್ಕೆ ವ್ಯತ್ಯಾಸವೇ ಗೊತ್ತಾಗ್ತಿರಲಿಲ್ಲ. ಸಿಮ್ಯುಲೇಷನ್ ಅನ್ನೋದು ಆ ವ್ಯತ್ಯಾಸ ತೋರಿಸೋ ಕಡೆಯಿಂದಲೇ ಶುರುವಾಗುತ್ತೆ.

ಮೊದಲು ಸರಾಸರಿ ಆಟಗಾರನನ್ನ ಸರಿ ಮಾಡ್ಕೊಳ್ಳಿ. ಈಗಿನ ಮೇಜರ್ ಲೀಗ್‌ನಲ್ಲಿ 100 ಸಲ ಬ್ಯಾಟರ್ ಬಂದ್ರೆ ಹೆಚ್ಚುಕಮ್ಮಿ 22 ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್), 8 ಸಲ ವಾಕ್ (ನಾಲ್ಕು ಕೆಟ್ಟ ಬಾಲ್ ಬಂದು ಪುಕ್ಕಟೆ ಮೊದಲ ಬೇಸ್ ಸಿಗೋದು), 14 ಸಿಂಗಲ್, ನಾಲ್ಕೈದು ಡಬಲ್, 3 ಹೋಮ್ ರನ್, ಟ್ರಿಪಲ್ ನೂರಕ್ಕೆ ಅರ್ಧನೂ ಇಲ್ಲ, ಉಳಿದಿದ್ದು ಬಾಲ್ ಹೊಡೆದು ಫೀಲ್ಡರ್ ಕೈಗೆ ಸಿಕ್ಕಿ ಔಟ್. ಇದನ್ನ ಎರಡು ದಾಳಕ್ಕೆ ಇಳಿಸಬಹುದು. ಒಂದು ಕೆಂಪು ಒಂದು ಬಿಳಿ ದಾಳ ತಗೊಳ್ಳಿ, ಕೆಂಪಿಂದು ಹತ್ತರ ಸ್ಥಾನ, ಬಿಳಿದು ಬಿಡಿ ಸ್ಥಾನ, ಆಗ 11ರಿಂದ 66ರ ತನಕ ಒಟ್ಟು 36 ಫಲಿತಾಂಶ, ಎಲ್ಲಕ್ಕೂ ಸಮ ಅವಕಾಶ. (ಎರಡು ದಾಳ ಕೂಡಿಸಬೇಡಿ, ಕೂಡಿಸಿದ್ರೆ 7 ಆರು ಥರ ಬೀಳುತ್ತೆ, 12 ಒಂದೇ ಥರ.) ಈಗ 11 ಬಂದ್ರೆ ಹೋಮ್ ರನ್. 12, 13 ಡಬಲ್. 14ರಿಂದ 16 ವಾಕ್. 21ರಿಂದ 25 ಸಿಂಗಲ್. 26ರಿಂದ ಹಿಡಿದು ಮೂವತ್ತರ ಸಾಲು ಪೂರ್ತಿ ಸೇರಿ 41ರ ತನಕ ಸ್ಟ್ರೈಕ್‌ಔಟ್. 42ರಿಂದ 66ರ ತನಕ ಬಾಲ್ ಹೊಡೆದು ಔಟ್, ಕೊನೆ ಅಂಕಿ ಬೆಸ ಆದ್ರೆ ಗ್ರೌಂಡ್ ಬಾಲ್, ಸಮ ಆದ್ರೆ ಮೇಲೆ ಹೋದ ಫ್ಲೈ ಬಾಲ್. ಲೆಕ್ಕ ಹಾಕಿ ನೋಡಿ, ವಾಕ್ ತೆಗೆದ್ರೆ 33 ಸಲಕ್ಕೆ 8 ಹಿಟ್ (ಬಾಲ್ ಹೊಡೆದು ಬೇಸ್ ಸಿಕ್ಕಿದ್ದು), ಅಂದ್ರೆ .242. 2022ರಲ್ಲೂ 2024ರಲ್ಲೂ ಇಡೀ ಮೇಜರ್ ಲೀಗ್‌ನ ಬ್ಯಾಟಿಂಗ್ ಸರಾಸರಿ .243 ಇತ್ತು. ಎರಡು ದಾಳದಲ್ಲಿ ಇಷ್ಟು ಹತ್ತಿರ ಬರುತ್ತೆ ಅನ್ನೋದು ನನಗೆ ಈಗಲೂ ಖುಷಿ ಕೊಡೋ ವಿಷಯ.

ಟ್ರಿಪಲ್ ಎಲ್ಲಿ ಹೋಯ್ತು ಅಂತ ಮಗ ಕೇಳ್ತಾನೆ. 36ರಲ್ಲಿ ಒಂದು ಮನೆ ಅಂದ್ರೆ ನೂರಕ್ಕೆ ಸುಮಾರು ಮೂರು, ಟ್ರಿಪಲ್‌ಗೆ ಅಷ್ಟು ಕೊಟ್ರೆ ತುಂಬಾ ಜಾಸ್ತಿ ಆಯ್ತು. ಅದಕ್ಕೆ ಡಬಲ್ ಬಿದ್ದಾಗ ಎರಡೂ ದಾಳ ಇನ್ನೊಮ್ಮೆ ಹಾಕಿ, ಈ ಸಲ ಕೂಡಿಸಿ, ಮೊತ್ತ 2 ಅಥವಾ 3 ಬಂದ್ರೆ ಮಾತ್ರ ಅದು ಟ್ರಿಪಲ್. ಒಟ್ಟು 216ಕ್ಕೆ ಒಂದು ಸಲ ಆಗುತ್ತೆ, ಸರಿ ಹೋಯ್ತು. ಅಪರೂಪದ್ದಕ್ಕೆಲ್ಲ ಹೀಗೆ ಎರಡನೇ ಸಲ ದಾಳ ಹಾಕಿಸೋದೇ ದಾರಿ. ಮೊದಲ ಬೇಸ್‌ನಲ್ಲಿ ಓಟಗಾರ ಇದ್ದು ಎರಡು ಔಟ್ ಆಗಿಲ್ಲದಿದ್ರೆ, ಆಗ ಗ್ರೌಂಡ್ ಬಾಲ್ ಬಂದ್ರೆ ಒಂದು ದಾಳ ಹಾಕಿ, 1ರಿಂದ 3 ಬಂದ್ರೆ ಡಬಲ್ ಪ್ಲೇ, ಇಬ್ರೂ ಔಟ್. ಸಿಂಗಲ್ ಹೊಡೆದಾಗ ಎರಡನೇ ಬೇಸ್‌ನವನು ಹತ್ತಕ್ಕೆ ಆರು ಸಲ ಹೋಮ್ ಮುಟ್ಟುತ್ತಾನೆ, ಮೊದಲ ಬೇಸ್‌ನವನು ಮೂರನೇ ಬೇಸಿಗೆ ಓಡೋದು ಹತ್ತಕ್ಕೆ ಮೂರು ಸಲ ಅಷ್ಟೇ, ಇದಕ್ಕೂ ಒಂದೊಂದು ದಾಳ ಸಾಕು.

ಇನ್ನೊಂದು ಮಾತು, ಮುಂದೆ ನಿಮಗೂ ಆಸೆ ಆಗುತ್ತೆ ಅದಕ್ಕೆ ಈಗಲೇ ಹೇಳ್ತೀನಿ. ಒಂದೊಂದು ಪಿಚ್‌ಗೂ ದಾಳ ಹಾಕಿದ್ರೆ ಹೆಂಗೆ, ಬಾಲ್, ಸ್ಟ್ರೈಕ್, ಫೌಲ್ ಎಲ್ಲ ಬರಲಿ ಅನ್ಸುತ್ತೆ. ನಾನು ಮೊದಲು ಮಾಡಿದ ಆಟ ಹಾಗೇ ಇತ್ತು, ಸಂಜೆ ಊಟಕ್ಕೆ ಮುಂಚೆ ಶುರು ಮಾಡಿ ಮಲಗೋ ಹೊತ್ತಾದ್ರೂ ಐದನೇ ಇನ್ನಿಂಗ್ಸ್ ಮುಗಿದಿರಲಿಲ್ಲ. ಒಂದು ಪಂದ್ಯದಲ್ಲಿ ಎರಡೂ ಟೀಮ್ ಸೇರಿ ಸುಮಾರು 75 ಸಲ ಬ್ಯಾಟರ್ ಬರ್ತಾನೆ, ಪ್ರತಿಯೊಬ್ಬನಿಗೆ ನಾಲ್ಕು ಪಿಚ್ ಹತ್ತಿರ, ಅಂದ್ರೆ 300 ಪಿಚ್. ಬ್ಯಾಟರ್‌ಗೊಂದು ಸಲ ದಾಳ ಹಾಕಿದ್ರೆ ಅರ್ಧ ಮುಕ್ಕಾಲು ಗಂಟೇಲಿ ಪಂದ್ಯ ಮುಗಿಯುತ್ತೆ, ಮಗ ಶಾಲೆ ಮುಗಿಸಿ ಬಂದು ಒಂದು ಪೂರ್ತಿ ಪಂದ್ಯ ಆಡಿ ಹೋಮ್‌ವರ್ಕ್‌ಗೆ ಕೂರಬಹುದು. ನಿಜವಾದ ಲೀಗ್‌ನಲ್ಲಿ ಒಂದು ಟೀಮ್‌ಗೆ 162 ಪಂದ್ಯ, ಸೀಸನ್ ಆಡೋ ಆಸೆ ಇದ್ರಂತೂ ಬೇಗ ಮುಗಿಯೋ ಆಟವೇ ಬೇಕು.

ಪ್ರಶ್ನೆ: ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ, ಬೇಸ್‌ಬಾಲ್ ಅಂಕಿ ಅಂಶದ ಹುಚ್ಚು. ಪ್ರತಿ ಬ್ಯಾಟರ್‌ಗೆ ಒಂದು ಕಾರ್ಡ್, ಪ್ರತಿ ಪಿಚರ್‌ಗೆ ಒಂದು ಕಾರ್ಡ್ ಮಾಡಿದೀನಿ. ಒಳ್ಳೆ ಬ್ಯಾಟರ್ ಒಳ್ಳೆ ಪಿಚರ್ ಎದುರಾಬದುರು ಬಂದಾಗ ಯಾರ ಅಂಕಿ ತಗೋಬೇಕು? ಅರ್ಧ ಅರ್ಧ ಮಾಡಿದ್ರೆ ನನ್ನ ಸ್ಟಾರ್ ಆಟಗಾರರೆಲ್ಲ ಸಪ್ಪೆ ಆಗ್ತಿದಾರೆ.

ಉತ್ತರ: ಈ ಪ್ರಶ್ನೆಗೆ ಉತ್ತರ ಹುಡುಕೋದ್ರಲ್ಲೇ ಅಮೆರಿಕಾದಲ್ಲಿ ಇಪ್ಪತ್ತು ವರ್ಷ ಕಳೆದಿದೆ ಅಂದ್ರೂ ತಪ್ಪಲ್ಲ. 1941ರಲ್ಲಿ ಎಥನ್ ಆಲನ್ ಅನ್ನೋ ಮಾಜಿ ಮೇಜರ್ ಲೀಗ್ ಆಟಗಾರರು 'ಆಲ್ ಸ್ಟಾರ್ ಬೇಸ್‌ಬಾಲ್' ಅಂತ ಒಂದು ಆಟ ತಂದ್ರು, ಪ್ರತಿ ಆಟಗಾರನಿಗೆ ಒಂದು ದುಂಡನೆ ಕಾರ್ಡು, ಅದರ ಅಂಚಲ್ಲಿ ಹೋಮ್ ರನ್, ಸ್ಟ್ರೈಕ್‌ಔಟ್ ಎಲ್ಲ ಅವನ ನಿಜವಾದ ಆಟದ ಪ್ರಮಾಣದಲ್ಲಿ ಹಂಚಿರೋದು, ನಡುವೆ ಮುಳ್ಳು ತಿರುಗಿಸೋದು. ಚೆಂದದ ಆಟ, ಆದ್ರೆ ಎದುರಿಗೆ ಪಿಚರ್ ಯಾರಿದ್ರೂ ಒಂದೇ. 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಡಿಕ್ ಸೈಟ್ಜ್ ಎಪಿಬಿಎ ಅನ್ನೋ ಕಾರ್ಡ್ ಮತ್ತು ದಾಳದ ಆಟ ಶುರು ಮಾಡಿದ್ರು, ಮೇಲೆ ನ್ಯೂಜೆರ್ಸಿ ಅವರಿಗೆ ಹೇಳಿದ 11ರಿಂದ 66ರ ಲೆಕ್ಕ ಆ ಪರಂಪರೆದೇ. ಆಮೇಲೆ ಹಾಲ್ ರಿಚ್‌ಮನ್. ಹನ್ನೊಂದು ವರ್ಷದ ಹುಡುಗ ಇದ್ದಾಗಲೇ ಇದ್ದ ಆಟಗಳು ಸಾಲದು ಅಂತ ತನ್ನದೇ ಆಟ ಮಾಡೋಕೆ ಕೂತವರು, ಮುಂದೆ ಗಣಿತ ಓದಿ, 1961ರಲ್ಲಿ ಸ್ಟ್ರಾಟ್-ಒ-ಮ್ಯಾಟಿಕ್ ಮಾರುಕಟ್ಟೆಗೆ ತಂದ್ರು. ಅವರ ಉಪಾಯ ಎಷ್ಟು ಸರಳ ನೋಡಿ. ಮೂರು ದಾಳ, ಅದರಲ್ಲಿ ಒಂದು ಬಿಳಿ. ಬಿಳಿ ದಾಳದಲ್ಲಿ 1ರಿಂದ 3 ಬಂದ್ರೆ ಬ್ಯಾಟರ್ ಕಾರ್ಡ್ ನೋಡಿ, 4ರಿಂದ 6 ಬಂದ್ರೆ ಪಿಚರ್ ಕಾರ್ಡ್ ನೋಡಿ. ಅಷ್ಟೇ. ದಾಳ ಉರುಳುವಾಗಲೇ ಇದು ಯಾರ ಕೈಲಿದೆ ಅಂತ ಇಬ್ರಿಗೂ ಎದೆ ಹೊಡ್ಕೊಳ್ಳುತ್ತೆ.

ಈಗ ನಿಮ್ಮ ಸಪ್ಪೆ ಸಮಸ್ಯೆ. ಲೀಗ್ ಸರಾಸರಿ ನೂರಕ್ಕೆ 24 ಹಿಟ್ ಅಂದ್ಕೊಳ್ಳಿ, ನಿಮ್ಮ ಸ್ಟಾರ್ 30 ಹೊಡೀತಾನೆ. ನೀವು ಕಾರ್ಡ್ ಮೇಲೆ 30 ಅಂತಲೇ ಬರೆದಿದೀರ. ಅರ್ಧ ಸಲ ಅವನ ಕಾರ್ಡ್, ಅರ್ಧ ಸಲ ಸಾಧಾರಣ ಪಿಚರ್‌ನ 24, ಎರಡೂ ಸೇರಿದ್ರೆ 27. ಮೂರು ಹಿಟ್ ಕಳ್ಕೊಂಡ ಪಾಪ. ಹಂಗಾಗಿ ಕಾರ್ಡ್ ಮೇಲೆ ಅವನ ನಿಜವಾದ ಅಂಕಿ ಬರೀಬಾರದು, ಅದನ್ನ ಎರಡರಿಂದ ಗುಣಿಸಿ ಲೀಗ್ ಸರಾಸರಿ ಕಳೀಬೇಕು. ಎರಡು ಸಲ 30 ಅಂದ್ರೆ 60, ಅದರಲ್ಲಿ 24 ಹೋದ್ರೆ 36. ಈಗ 36 ಮತ್ತು 24ರ ಅರ್ಧ 30, ಸರಿಯಾಯ್ತು. ಪಿಚರ್‌ಗೂ ಇದೇ, ನೂರಕ್ಕೆ 20 ಹಿಟ್ ಮಾತ್ರ ಕೊಡೋ ಪಿಚರ್‌ನ ಕಾರ್ಡ್ ಮೇಲೆ 16. ಇವರಿಬ್ಬರೂ ಎದುರಾದ್ರೆ 36 ಮತ್ತು 16ರ ಅರ್ಧ, 26. ಬೇಸ್‌ಬಾಲ್ ಅಂಕಿ ಅಂಶದ ಬರಹಗಾರ ಬಿಲ್ ಜೇಮ್ಸ್ 1980ರ ದಶಕದ ಶುರುವಲ್ಲಿ ಹೇಳಿದ, ಎದುರಾಬದುರು ಬಂದವರ ಫಲಿತಾಂಶ ಅಂದಾಜು ಮಾಡೋ ಲಾಗ್5 ಸೂತ್ರದಲ್ಲಿ ಇದೇ ಜೋಡಿ ಹಾಕಿದ್ರೆ 25.3 ಬರುತ್ತೆ, ಅಂದ್ರೆ ದಾಳ ಹಾಕೋ ಆಟಕ್ಕೆ ಈ ಸರಳ ಲೆಕ್ಕ ಧಾರಾಳ ಸಾಕು.

ಹೆಸರಾಂತ ಬ್ಯಾಟರ್ ಬೇಬ್ ರೂತ್‌ರ 1927ರ ಕಾರ್ಡ್ ಮಾಡಿ ನೋಡಿದ್ರೆ ಇದರ ಬಲ ಗೊತ್ತಾಗುತ್ತೆ. 691 ಸಲ ಬ್ಯಾಟಿಂಗ್‌ಗೆ ಬಂದು 60 ಹೋಮ್ ರನ್, 137 ವಾಕ್, 89 ಸ್ಟ್ರೈಕ್‌ಔಟ್. ಆ ವರ್ಷ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲಿ ಒಂದು, ರೂತ್ ಆಡ್ತಿದ್ದದ್ದು) ಬೇರೆ ಯಾವ ಟೀಮ್ ಕೂಡ, ಇಡೀ ಟೀಮ್ ಸೇರಿ, 60 ಹೋಮ್ ರನ್ ಹೊಡೆದಿರಲಿಲ್ಲ. ಅವರದು ನೂರಕ್ಕೆ 8.7, ಲೀಗ್‌ದು ಒಂದರ ಹತ್ತಿರ. ಎರಡರಷ್ಟು ಮಾಡಿ ಒಂದು ಕಳೆದ್ರೆ ನೂರಕ್ಕೆ 16 ಚಿಲ್ಲರೆ, 36 ಮನೆ ಕಾರ್ಡ್‌ನಲ್ಲಿ ಆರು ಮನೆ ಬರೀ ಹೋಮ್ ರನ್! ಆ ಕಾರ್ಡ್ ಕೈಗೆ ತಗೊಂಡಾಗ 1927ರ ಪಿಚರ್‌ಗಳಿಗೆ ಏನು ಅನ್ಸಿರಬಹುದು ಅಂತ ಅಂಕಿ ಓದಿ ಗೊತ್ತಾಗದ್ದು ಬೆರಳಿಗೆ ಗೊತ್ತಾಗುತ್ತೆ.

ಒಂದು ಕಡೆ ಎಚ್ಚರ ಇರಲಿ. ಸರಾಸರಿಯ ಅರ್ಧಕ್ಕಿಂತ ಕೆಳಗಿರೋರಿಗೆ ಈ ಲೆಕ್ಕ ಮೈನಸ್ ಹೋಗುತ್ತೆ. ನೂರಕ್ಕೆ 11 ಹೊಡೆಯೋ ಬ್ಯಾಟರ್‌ಗೆ 22ರಲ್ಲಿ 24 ಕಳೆದ್ರೆ ಮೈನಸ್ 2, ಮೈನಸ್ ಮನೆ ಕಾರ್ಡ್ ಮೇಲೆ ಬರೆಯೋಕಾಗಲ್ಲ. ಹಳೇ ಕಾಲದ ಸೀಸನ್ ಮಾಡಿದ್ರೆ ಪಿಚರ್‌ಗಳೇ ಬ್ಯಾಟ್ ಹಿಡೀತಾರೆ, ಅವರಿಗೆಲ್ಲ ಇದೇ ಗತಿ. (ಪಿಚರ್ ಬದಲು ಬೇರೆಯವರು ಬ್ಯಾಟ್ ಮಾಡೋ ನಿಯಮ ಅಮೆರಿಕನ್ ಲೀಗ್‌ಗೆ 1973ರಲ್ಲಿ ಬಂತು, ಎರಡೂ ಲೀಗ್‌ಗೆ ಕಾಯಂ ಆಗಿದ್ದು 2022ರಲ್ಲಿ.) ಅಂಥವರ ಕಾರ್ಡ್‌ನಲ್ಲಿ ಹಿಟ್ ಸೊನ್ನೆ ಇಟ್ಟು, ಪಿಚರ್ ಕಾರ್ಡ್‌ನಲ್ಲಿ ಕೊನೆಯ ಒಂದೆರಡು ಸಿಂಗಲ್ ಪಕ್ಕ ನಕ್ಷತ್ರ ಹಾಕಿ, ದುರ್ಬಲ ಬ್ಯಾಟರ್‌ಗೆ ಅದು ಔಟ್ ಅಂತ ಮಾಡ್ಕೊಳ್ಳಿ.

ಪ್ರಶ್ನೆ: ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದಿಂದ ಬೇಸಿಗೆ ರಜಕ್ಕೆ ಮೈಸೂರಿಗೆ ಬರ್ತಾರೆ, ಬಾಯಿ ತೆಗೆದ್ರೆ ಬೇಸ್‌ಬಾಲ್. ನನಗೆ ಆ ಆಟ ಅಷ್ಟಾಗಿ ಗೊತ್ತಿಲ್ಲ, ಚೌಕಾಬಾರ ಚೆನ್ನಾಗಿ ಗೊತ್ತು. ಕವಡೆ ಹಾಕಿ ಅವರ ಜೊತೆ ಬೇಸ್‌ಬಾಲ್ ಆಡೋ ಹಾಗೆ ಏನಾದ್ರೂ ಮಾಡಬಹುದಾ?

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಕೆಲಸ ಮಾಡಿಲ್ಲ, ಕವಡೆ ಹಿಡ್ಕೊಂಡೇ ಕೂತಿದ್ದೆ. ಆಗುತ್ತೆ, ಬಹಳ ಚೆನ್ನಾಗಿ ಆಗುತ್ತೆ.

ಆಟ ಇಷ್ಟೇ ಅಂದ್ಕೊಳ್ಳಿ. ನಾಲ್ಕು ಮೂಲೆಯ ಒಂದು ಚೌಕ, ಒಂದು ಮೂಲೆ ಹೋಮ್, ಉಳಿದ ಮೂರು ಬೇಸ್. ನಮ್ಮ ಕಾಯಿ ಹೋಮ್‌ನಿಂದ ಹೊರಟು ಮೂರೂ ಮೂಲೆ ಸುತ್ತಿ ವಾಪಸ್ ಹೋಮ್‌ಗೆ ಬಂದ್ರೆ ಒಂದು ರನ್, ಕಾಯಿ ಹಣ್ಣು ಮಾಡಿದ ಹಾಗೆ. ಸಿಂಗಲ್ ಅಂದ್ರೆ ಒಂದು ಮೂಲೆ, ಡಬಲ್ ಎರಡು, ಟ್ರಿಪಲ್ ಮೂರು, ಹೋಮ್ ರನ್ ಅಂದ್ರೆ ದಾರೀಲಿರೋ ಕಾಯೆಲ್ಲ ಸೇರಿ ಎಲ್ಲರೂ ಮನೆಗೆ. ಮೂರು ಜನ ಔಟಾದ್ರೆ ಕವಡೆ ಎದುರಿನವರ ಕೈಗೆ, ಒಂಬತ್ತು ಸಲ ಹೀಗೆ.

ನಾಲ್ಕು ಕವಡೆ ಹಾಕಿದ್ರೆ ಹದಿನಾರು ಥರ ಬೀಳಬಹುದು, ಅದರಲ್ಲಿ ಎರಡು ಗರ ಆರು ಥರ, ಒಂದು ಮತ್ತು ಮೂರು ನಾಲ್ಕು ನಾಲ್ಕು ಥರ, ನಾಲ್ಕು ಒಂದೇ ಥರ, ಎಲ್ಲ ಕವುಚಿ ಬೀಳೋ ಎಂಟೂ ಒಂದೇ ಥರ. ಎರಡು ಬಿದ್ರೆ ಹೊಡೆದು ಔಟ್. ಮೂರು ಬಿದ್ರೆ ಸ್ಟ್ರೈಕ್‌ಔಟ್. ಎಂಟು ಬಿದ್ರೆ ಔಟ್, ಮೊದಲ ಮೂಲೇಲಿ ಕಾಯಿ ಇದ್ರೆ ಅದೂ ಔಟ್. ಒಂದು ಬಿದ್ರೆ ಇನ್ನೊಮ್ಮೆ ಹಾಕಿ, ಮೂರು ಅಥವಾ ನಾಲ್ಕು ಬಂದ್ರೆ ವಾಕ್, ಬೇರೆ ಏನು ಬಂದ್ರೂ ಸಿಂಗಲ್. ನಾಲ್ಕು ಬಿದ್ರೆ, ಎಲ್ಲರೂ ಕಾಯೋದು ಇದಕ್ಕೇ, ಇನ್ನೊಮ್ಮೆ ಹಾಕಿ, ಒಂದು ಎರಡು ಬಂದ್ರೆ ಡಬಲ್, ಮೂರು ಅಥವಾ ಎಂಟು ಬಂದ್ರೆ ಹೋಮ್ ರನ್, ಮತ್ತೆ ನಾಲ್ಕೇ ಬಂದ್ರೆ ಟ್ರಿಪಲ್. ಹೋಮ್ ರನ್ ನಿಜಕ್ಕಿಂತ ಸ್ವಲ್ಪ ಕಮ್ಮಿ ಬರುತ್ತೆ, ಉಳಿದಿದ್ದೆಲ್ಲ ಆಶ್ಚರ್ಯ ಆಗೋ ಅಷ್ಟು ಹತ್ತಿರ, ನೂರಕ್ಕೆ 31 ಸಲ ಬೇಸ್ ಸಿಗುತ್ತೆ.

ಇದೆಲ್ಲ ಕವಡೆ ಎರಡೂ ಕಡೆಗೆ ಸಮ ಬೀಳುತ್ತೆ ಅನ್ನೋ ಲೆಕ್ಕದಲ್ಲಿ. ಕೆಲವು ಕವಡೆ ಒಂದು ಕಡೆಗೇ ವಾಲುತ್ತೆ, ತೇದ ಹುಣಿಸೆ ಬೀಜ ಆದ್ರೂ ಅಷ್ಟೇ. ಮೊಮ್ಮಕ್ಕಳಿಗೆ ಒಂದು ಕೆಲಸ ಕೊಡಿ, ನಾಲ್ಕೂ ಕವಡೆ 50 ಸಲ ಹಾಕಿ ಎಷ್ಟು ಅಂಗಾತ ಬಿತ್ತು ಅಂತ ಬರೀಲಿ. ಒಟ್ಟು 200ರಲ್ಲಿ 90ರಿಂದ 110ರ ಒಳಗಿದ್ರೆ ಆ ಕವಡೆ ಇಟ್ಕೊಳ್ಳಿ, ಇಲ್ಲದಿದ್ರೆ ಬೇರೆ ಆರಿಸಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೀತಿದೀನಿ. ಕಾರ್ಡ್, ದಾಳ, ಚಾರ್ಟ್ ಎಲ್ಲ ಮಾಡಿ ಗೆಳೆಯರನ್ನ ಕೂರಿಸಿದೆ. ಅಂಕಿಗಳೆಲ್ಲ ನಿಜದ ಥರ ಬರ್ತಿವೆ, ಆದ್ರೆ ಅರ್ಧ ಆದ್ಮೇಲೆ ಒಬ್ಬ ಗೆಳೆಯ "ದಾಳ ಆಡಾಕತ್ತೈತಿ, ನಾವೇನ್ ಮಾಡೂದು?" ಅಂದ. ಅವನ ಮಾತಿಗೆ ನನ್ನತ್ರ ಉತ್ತರ ಇರಲಿಲ್ಲ.

ಉತ್ತರ: ಅವರು ಕೇಳಿದ ಪ್ರಶ್ನೆ ಈ ಇಡೀ ಅಂಕಣದಲ್ಲಿ ಮುಖ್ಯವಾದ ಪ್ರಶ್ನೆ. ಬಾಲ್ ಹೊಡೆಯೋದು ದಾಳದ ಕೆಲಸ, ಅದು ಹಾಗೇ ಇರಲಿ. ಆಡೋರನ್ನ ಕೂರಿಸಬೇಕಾಗಿರೋದು ಮ್ಯಾನೇಜರ್ ಕುರ್ಚೀಲಿ. ಮ್ಯಾನೇಜರ್‌ಗೆ ರಾತ್ರಿ ನಿದ್ದೆ ಬರದ ಹಾಗೆ ಮಾಡೋ ನಿರ್ಧಾರಗಳು ಯಾವುವು ಅಂತ ಕೇಳ್ಕೊಳ್ಳಿ, ಅವಕ್ಕೆ ಮಾತ್ರ ನಿಯಮ ಬರೀರಿ, ಉಳಿದಿದ್ದನ್ನ ಧೈರ್ಯವಾಗಿ ಕಿತ್ತು ಹಾಕಿ. ಗಾಳಿ, ಬಿಸಿಲು, ಅಂಪೈರ್ ಮೂಡು ಅಂತ ಚಾರ್ಟ್ ಮೇಲೆ ಚಾರ್ಟ್ ಸೇರಿಸಿರೋ ಆಟಗಳನ್ನ ನೋಡಿದೀನಿ, ಓದೋಕೆ ಚೆನ್ನಾಗಿರುತ್ತೆ, ಆಡೋಕೆ ಯಾರೂ ಎರಡನೇ ಸಲ ಬರಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಪಿಚರ್‌ನ ಯಾವಾಗ ತೆಗೀಬೇಕು ಅನ್ನೋದು. ಬ್ಯಾಟರ್‌ಗಳು ಅದೇ ಪಿಚರ್‌ನ ಮೂರನೇ ಸಲ ನೋಡೋವಾಗ ಚೆನ್ನಾಗಿ ಹೊಡೀತಾರೆ, ಇದು ಮೇಜರ್ ಲೀಗ್‌ನಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ. ಅದಕ್ಕೆ ಪಿಚರ್ 18 ಬ್ಯಾಟರ್ ಮುಗಿಸಿದ ಮೇಲೆ ಅವನ ಕಾರ್ಡ್‌ನ ಒಂದು ಸ್ಟ್ರೈಕ್‌ಔಟ್ ಮನೆ ಸಿಂಗಲ್ ಆಗುತ್ತೆ ಅಂತ ಮಾಡಿ, 24 ಆದ್ಮೇಲೆ ಇನ್ನೊಂದು. ಒಂದು ಗೋಲಿಯನ್ನೋ ಬಟನ್‌ನೋ ಕಾರ್ಡ್ ಮೇಲೆ ಸರಿಸ್ತಾ ಹೋದ್ರೆ ಸಾಕು. ಇದರ ಜೊತೆಗೆ, ಬದಲಿ ಪಿಚರ್‌ನ ಕರೆಸಬೇಕಾದ್ರೆ ಅರ್ಧ ಇನ್ನಿಂಗ್ಸ್ ಮೊದಲೇ ಅವನ ಕಾರ್ಡ್ ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳು ಸಿದ್ಧವಾಗೋ ಜಾಗ) ಇಟ್ಟಿರಬೇಕು, ಎದುರಿನವರಿಗೆ ಕಾಣೋ ಹಾಗೆ. ಬಂದವನು ಕನಿಷ್ಠ ಮೂರು ಬ್ಯಾಟರ್‌ಗೆ, ಇಲ್ಲವೇ ಆ ಅರ್ಧ ಇನ್ನಿಂಗ್ಸ್ ಮುಗಿಯೋ ತನಕ ಹಾಕಲೇಬೇಕು, ಇದು 2020ರಿಂದ ಮೇಜರ್ ಲೀಗ್‌ನಲ್ಲೂ ಇರೋ ನಿಯಮ. ಈ ಮೂರು ಸಾಲಿನ ನಿಯಮ ಹಾಕಿ ನೋಡಿ, ಏಳನೇ ಇನ್ನಿಂಗ್ಸ್‌ನಲ್ಲಿ ನಿಮ್ಮ ಗೆಳೆಯ ದಾಳ ಮುಟ್ಟದೇ ಎರಡು ನಿಮಿಷ ಯೋಚನೆ ಮಾಡ್ತಾ ಕೂತಿರ್ತಾರೆ.

ಎರಡನೇದು ಬೇಸ್ ಕದಿಯೋದು, ಅಂದ್ರೆ ಸ್ಟೀಲ್. ಇಲ್ಲಿ ಒಂದು ಸುಂದರವಾದ ಲೆಕ್ಕ ಇದೆ. ಯಾವುದೇ ಕ್ಷಣದಲ್ಲಿ ಬೇಸ್ ಮೇಲೆ ಯಾರ್ಯಾರು ಇದಾರೆ ಅನ್ನೋದು ಎಂಟು ಥರ, ಔಟ್ ಎಷ್ಟು ಅನ್ನೋದು ಮೂರು ಥರ, ಒಟ್ಟು 24 ಸ್ಥಿತಿ. ಪ್ರತಿ ಸ್ಥಿತಿಯಿಂದ ಆ ಇನ್ನಿಂಗ್ಸ್‌ನಲ್ಲಿ ಇನ್ನೆಷ್ಟು ರನ್ ಬರುತ್ತೆ ಅಂತ ಸರಾಸರಿ ತೆಗೀಬಹುದು. ಜಾರ್ಜ್ ಲಿಂಡ್ಸೆ ಅನ್ನೋ ಕೆನಡಾದವರು 1963ರಲ್ಲೇ ಇದರ ಮೇಲೆ ಪ್ರಬಂಧ ಬರೆದಿದಾರೆ. ಔಟ್ ಇಲ್ಲದೆ ಮೊದಲ ಬೇಸ್‌ನಲ್ಲಿ ಒಬ್ಬ ಇದ್ರೆ ಸುಮಾರು 0.85 ರನ್. ಅವನು ಎರಡನೇ ಬೇಸ್ ಕದ್ದರೆ 1.1, ಸಿಕ್ಕಿಬಿದ್ರೆ 0.25ಕ್ಕೆ ಇಳಿಯುತ್ತೆ. ಗಳಿಕೆ ಸಣ್ಣದು, ನಷ್ಟ ದೊಡ್ಡದು, ಹಂಗಾಗಿ ನೂರಕ್ಕೆ 70ಕ್ಕಿಂತ ಹೆಚ್ಚು ಸಲ ಗೆಲ್ಲೋನು ಮಾತ್ರ ಓಡಬೇಕು. ಎರಡು ದಾಳ ಕೂಡಿಸಿ 8 ಅಥವಾ ಕಮ್ಮಿ ಬಂದ್ರೆ ಸೇಫ್ ಅಂತ ಇಡಿ, ಅದು ನೂರಕ್ಕೆ 72. ವೇಗದವನಿಗೆ 9, ನಿಧಾನದವನಿಗೆ 6. ಆಗ ಸಾಧಾರಣ ಓಟಗಾರ ಕರೆಕ್ಟಾಗಿ ತಕ್ಕಡಿ ಮಧ್ಯೆ ನಿಂತಿರ್ತಾನೆ, ಓಡಿಸಬೇಕೋ ಬೇಡವೋ ಅನ್ನೋದು ಸ್ಕೋರ್ ನೋಡಿ ನೀವು ತಗೋಬೇಕಾದ ನಿರ್ಧಾರ ಆಗುತ್ತೆ. ಬಂಟ್‌ಗೂ (ಬೀಸದೇ ಬ್ಯಾಟ್ ಬರೀ ತಾಗಿಸಿ ಬಾಲ್ ಹತ್ತಿರದಲ್ಲೇ ಬೀಳಿಸೋದು) ಇದೇ ತಕ್ಕಡಿ, ಒಂದು ಔಟ್ ಕೊಟ್ಟು ಎರಡನೇ ಬೇಸ್‌ಗೆ ಕಳಿಸಿದ್ರೆ 0.85 ಇದ್ದದ್ದು 0.65 ಆಗುತ್ತೆ, ಸುಮ್ಮನೆ ಮಾಡಿದ್ರೆ ನಷ್ಟ, ಆದ್ರೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಂದೇ ರನ್ ಬೇಕಾಗಿದ್ದಾಗ ಕಥೆ ಬೇರೆ.

ಫೀಲ್ಡಿಂಗ್‌ಗೆ ಒಂದೇ ಮಾತು, ಬ್ಯಾಟರ್ ಬಾಲ್ ಹೊಡೆದ ಮೇಲೆ ಅದು ಹಿಟ್ ಆಗುತ್ತಾ ಔಟ್ ಆಗುತ್ತಾ ಅನ್ನೋದ್ರಲ್ಲಿ ಪಿಚರ್ ಪಾತ್ರ ಕಮ್ಮಿ ಅಂತ ಬೇಸ್‌ಬಾಲ್ ಅಂಕಿ ಅಂಶ ಅಧ್ಯಯನ ಮಾಡೋ ವೊರೊಸ್ ಮೆಕ್‌ಕ್ರಾಕನ್ 2001ರಲ್ಲಿ ತೋರಿಸಿದಾರೆ, ಹಂಗಾಗಿ ಪಿಚರ್ ಕಾರ್ಡ್‌ಗಳಲ್ಲಿ ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಮಾತ್ರ ಜೋರಾಗಿ ಬದಲಾಗಲಿ, ಸಿಂಗಲ್ ಡಬಲ್ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಇಟ್ಟು, ಒಂದೆರಡು ಮನೆ ಶಾರ್ಟ್‌ಸ್ಟಾಪ್ ಕೈಗೆ, ಸೆಂಟರ್ ಫೀಲ್ಡರ್ ಕೈಗೆ ಬಿಡಿ.

ಪ್ರಶ್ನೆ: ಆಟ ಚೆನ್ನಾಗಿ ಬಂದಿದೆ, ಮಾರೋ ಯೋಚನೆ ಇದೆ. ನಿಜವಾದ ಆಟಗಾರರ ಹೆಸರು ಹಾಕಬಹುದಾ? (ತುಮಕೂರು)

ಉತ್ತರ: ಮನೇಲಿ ಆಡೋಕೆ ಯಾವ ಹೆಸರಾದ್ರೂ ಹಾಕಿ. ಮಾರೋದಾದ್ರೆ ವಕೀಲರನ್ನ ಕೇಳದೇ ಮುಂದೆ ಹೋಗಬೇಡಿ, ಯಾಕಂದ್ರೆ ಅಮೆರಿಕಾದಲ್ಲೇ ಕೋರ್ಟ್‌ಗಳು ಎರಡೂ ಥರ ಹೇಳಿವೆ. ಆಟಗಾರರ ಹೆಸರು, ಅಂಕಿ ಹಾಕಿ ಟೇಬಲ್ ಗೇಮ್ ಮಾರ್ತಿದ್ದವರ ವಿರುದ್ಧ 1970ರಲ್ಲಿ ಮಿನೆಸೋಟಾದ ಫೆಡರಲ್ ಕೋರ್ಟ್ ಆಟಗಾರರ ಪರ ತೀರ್ಪು ಕೊಡ್ತು. 2007ರಲ್ಲಿ ಫ್ಯಾಂಟಸಿ ಲೀಗ್ ಕೇಸ್‌ನಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್, ಹೆಸರು ಮತ್ತೆ ಅಂಕಿ ಅಂಶ ಎಲ್ಲರಿಗೂ ತಿಳಿದಿರೋ ಮಾಹಿತಿ, ಬಳಸೋದು ವಾಕ್ ಸ್ವಾತಂತ್ರ್ಯದ ಒಳಗೆ ಬರುತ್ತೆ ಅಂತು. ಟೀಮ್ ಲೋಗೋ, ಆಟಗಾರರ ಫೋಟೋ ಅಂತೂ ಬೇರೆಯೇ ವಿಷಯ, ಅದನ್ನ ಮುಟ್ಟಬೇಡಿ.

ನನ್ನ ಸಲಹೆ, ನಿಮ್ಮದೇ ಲೀಗ್ ಕಟ್ಟಿ. ಲೇಖಕ ಜ್ಯಾಕ್ ಕೆರುವಾಕ್ ಚಿಕ್ಕಂದಿನಿಂದ ಒಬ್ಬರೇ ಕೂತು ಆಡ್ತಿದ್ದ ಬೇಸ್‌ಬಾಲ್ ಆಟದಲ್ಲಿ ಟೀಮ್‌ಗಳಿಗೆ ಕಾರುಗಳ ಹೆಸರಿದ್ವು, ಪಿಟ್ಸ್‌ಬರ್ಗ್ ಪ್ಲಿಮತ್ಸ್ ಅಂತೆಲ್ಲ, ಆಟಗಾರರನ್ನೂ ಅವರೇ ಹುಟ್ಟಿಸಿ ಅಂಕಿ ಅಂಶ ಬರೆದಿಟ್ಟಿದ್ರು. ನೀವೂ ಹುಟ್ಟಿಸಿ. ಎರಡು ಸೀಸನ್ ಆಡೋಷ್ಟರಲ್ಲಿ ಆ ಹೆಸರುಗಳ ಮೇಲೆ ನಿಮಗೆ ನಿಜವಾದವರ ಮೇಲಿನಷ್ಟೇ ಪ್ರೀತಿ ಬಂದಿರುತ್ತೆ.

ಪ್ರಶ್ನೆ: ನಾನು ಮಾಡಿದ ಆಟ ಸರಿಯಾಗಿದೆಯಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತೆ? ಎಷ್ಟು ಪಂದ್ಯ ಆಡಿ ನೋಡಬೇಕು? (ದಾವಣಗೆರೆ, ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಒಂದು ಪಂದ್ಯ ನೋಡಿ ಏನೂ ಹೇಳೋಕಾಗಲ್ಲ, 1-0 ಆದ್ರೂ 14-2 ಆದ್ರೂ ಎರಡೂ ಬೇಸ್‌ಬಾಲೇ. ಮೊದಲು 20 ಪಂದ್ಯ ಕೈಯಾರೆ ಆಡಿ. ಇದು ಅಂಕಿಗಲ್ಲ, ಎಲ್ಲಿ ಬೇಜಾರಾಗುತ್ತೆ, ಯಾವ ನಿಯಮ ಪದೇಪದೇ ಮರೆತುಹೋಗುತ್ತೆ, ಯಾವ ಚಾರ್ಟ್ ಹುಡುಕೋಕೆ ಕೈ ತಡಕಾಡುತ್ತೆ ಅಂತ ನೋಡೋಕೆ. ಮರೆತುಹೋಗೋ ನಿಯಮ ಬೇಡದ ನಿಯಮ. ಆಮೇಲೆ ನೀವು ಇಂಜಿನಿಯರಿಂಗ್ ಓದ್ತಿದೀರಲ್ಲ, ಅದೇ ಚಾರ್ಟ್‌ನ ಪೈಥಾನ್‌ನಲ್ಲಿ ಬರೆದು ಹತ್ತು ಸಾವಿರ ಪಂದ್ಯ ಓಡಿಸಿ. ಸರಾಸರಿ ಟೀಮ್ ಪಂದ್ಯಕ್ಕೆ ನಾಲ್ಕರಿಂದ ಐದು ರನ್ ಒಳಗೆ ಬರಬೇಕು, ಈಗಿನ ಮೇಜರ್ ಲೀಗ್ ಇರೋದು ಅಲ್ಲೇ. ಐದು ದಾಟಿದ್ರೆ ಮೊದಲು ಓಟಗಾರರ ನಿಯಮ ನೋಡಿ, ಬೇಸ್ ಮೇಲಿರೋರು ಬೇಗ ಬೇಗ ಓಡ್ತಿರ್ತಾರೆ, ಹೋಮ್ ರನ್ ಮನೆ ಮುಟ್ಟೋಕೆ ಹೋಗಬೇಡಿ.

ಯಾವ ವರ್ಷದ ಆಟ ಮಾಡ್ತಿದೀರ ಅನ್ನೋದೂ ಮುಖ್ಯ. 1968 ಪಿಚರ್‌ಗಳ ವರ್ಷ, ಬಾಬ್ ಗಿಬ್ಸನ್, ಫೀಲ್ಡರ್‌ಗಳ ತಪ್ಪಿಂದ ಬಂದ ರನ್ ಬಿಟ್ರೆ, ಒಂಬತ್ತು ಇನ್ನಿಂಗ್ಸ್‌ಗೆ 1.12 ರನ್ ಲೆಕ್ಕದಲ್ಲಿ ಕೊಟ್ಟಿದ್ರು, ಟೀಮ್‌ಗಳ ಸರಾಸರಿ ಪಂದ್ಯಕ್ಕೆ 3.42ಕ್ಕೆ ಇಳಿದಿತ್ತು, ಮುಂದಿನ ವರ್ಷ ಪಿಚರ್ ನಿಲ್ಲೋ ದಿಬ್ಬವನ್ನೇ 15 ಇಂಚಿಂದ 10 ಇಂಚಿಗೆ ಇಳಿಸಿದ್ರು. ಆ ಸೀಸನ್ ಕಾರ್ಡ್ ಮಾಡಿ ಪಂದ್ಯಕ್ಕೆ ಐದು ರನ್ ಬಂದ್ರೆ ಕಾರ್ಡ್ ತಪ್ಪಾಗಿದೆ ಅಂತ ಅರ್ಥ.

ಕೊನೆಗೆ ಒಂದು ಪರೀಕ್ಷೆ ಕಂಪ್ಯೂಟರ್ ಮಾಡೋಕಾಗಲ್ಲ. ನಿಯಮದ ಹಾಳೆ ಮಾತ್ರ ಕೊಟ್ಟು, ನೀವು ಬಾಯಿ ಬಿಡದೆ, ಬೇಸ್‌ಬಾಲ್ ಗೊತ್ತಿಲ್ಲದ ಇಬ್ಬರು ಗೆಳೆಯರನ್ನ ಹಾಸ್ಟೆಲ್ ರೂಮಲ್ಲಿ ಕೂರಿಸಿ ಪಕ್ಕದಲ್ಲಿ ನೋಟ್‌ಬುಕ್ ಹಿಡ್ಕೊಂಡು ಕೂತ್ಕೊಳ್ಳಿ. ಅವರು ನಿಮ್ಮ ಮುಖ ನೋಡಿದ ಪ್ರತಿ ಸಲ ಒಂದು ಗೆರೆ ಎಳೀರಿ, ಆ ಜಾಗದಲ್ಲೇ ನಿಯಮ ತಿರುಗಿ ಬರೀಬೇಕು. ಆ ನೋಟ್‌ಬುಕ್ ಪುಟ, ಹತ್ತು ಸಾವಿರ ಪಂದ್ಯದ ಸರಾಸರಿ ಎರಡೂ ಕಳಿಸಿಕೊಡಿ, ನಿಮ್ಮ ಚಾರ್ಟ್ ಮುಂದಿಟ್ಕೊಂಡು ಒಂದೊಂದು ಮನೆಯಾಗಿ ನೋಡ್ತೀನಿ.